ಸ್ಕ್ಯಾನರ್‌ನಲ್ಲಿ ಪೊಲೀಸರ ದನಿ ನಿಂತುಹೋದದ್ದೇಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹದಿನಾಲ್ಕು ವರ್ಷಗಳಿಂದ ನೆಲೆಸಿದ್ದೇನೆ. ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ನಮ್ಮ ಊರಿನ ಪೊಲೀಸರ ಮತ್ತು ಅಗ್ನಿಶಾಮಕ ದಳದ ರೇಡಿಯೊ ಮಾತುಕತೆ ಕೇಳುವುದು ಹಳೆಯ ಹವ್ಯಾಸ. ಈಗ ಅಗ್ನಿಶಾಮಕ ದಳದ್ದು ಎಂದಿನಂತೆ ಕೇಳಿಸುತ್ತದೆ, ಪೊಲೀಸರದ್ದು ಪೂರ್ತಿ ನಿಂತಿದೆ. ಪರದೆಯ ಮೇಲೆ ‘ಎನ್‌ಕ್ರಿಪ್ಟೆಡ್’ ಎಂಬ ಒಂದೇ ಪದ ಕಾಣುತ್ತದೆ. ಇನ್ನೂ ಒಳ್ಳೆಯ ಸ್ಕ್ಯಾನರ್ ಕೊಂಡರೆ ಕೇಳಿಸೀತೇ? ತೆರಿಗೆದಾರರ ಹಣದಿಂದ ನಡೆಯುವ ವ್ಯವಸ್ಥೆಯನ್ನು ಹೀಗೆ ಮುಚ್ಚುವ ಅಧಿಕಾರ ಅವರಿಗಿದೆಯೇ? ಮುಂದಿನ ತಿಂಗಳು ಮೈಸೂರಿಗೆ ಬರುವವನಿದ್ದೇನೆ; ಸ್ಕ್ಯಾನರನ್ನು ಜೊತೆಗೆ ತರಬಹುದೇ?

ಉತ್ತರ: ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಎಷ್ಟೇ ದುಬಾರಿಯ ಸ್ಕ್ಯಾನರ್ ಕೊಂಡರೂ ಆ ದನಿ ಮರಳಿ ಕೇಳಿಸುವುದಿಲ್ಲ. ಕೇಳಿಸುತ್ತದೆಂದು ಯಾವ ಮಾರಾಟಗಾರ ಹೇಳಿದರೂ ನಂಬಬೇಡಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತು ಗೊಂದಲವಾಗುವುದುಂಟು. ಹಳೆಯ ಅನಲಾಗ್ ಪ್ರಸಾರವನ್ನು ಬಿಟ್ಟು ಡಿಜಿಟಲ್ ಪ್ರಸಾರಕ್ಕೆ ಹೋಗುವುದು ಒಂದು. ಡಿಜಿಟಲ್ ಆದ ಮಾತನ್ನು ಗೂಢಲಿಪಿಯಾಗಿ ಮಾರ್ಪಡಿಸುವುದು, ಅಂದರೆ ಎನ್‌ಕ್ರಿಪ್ಟ್ ಮಾಡುವುದು, ಇನ್ನೊಂದು. ಮೊದಲನೆಯದು ನಡೆದಾಗ ಹಳೆಯ ಸ್ಕ್ಯಾನರ್ ಮೂಕವಾಗುತ್ತದೆ, ಹೊಸದನ್ನು ತಂದರೆ ಮತ್ತೆ ಮಾತಾಡುತ್ತದೆ. ಎರಡನೆಯದು ನಡೆದ ಮೇಲೆ ಯಾವುದನ್ನು ತಂದರೂ ವ್ಯರ್ಥ. ನಿಮ್ಮ ಊರಿನಲ್ಲಿ ಆಗಿರುವುದು ಎರಡನೆಯದು.

ಅಮೆರಿಕದ ಬಹಳಷ್ಟು ಪೊಲೀಸ್ ಇಲಾಖೆಗಳು ಇಂದು ಬಳಸುವುದು ಪ್ರಾಜೆಕ್ಟ್ 25, ಚಿಕ್ಕದಾಗಿ ಪಿ25, ಎಂಬ ಮಾನದಂಡವನ್ನು. ಆಪ್ಕೊ ಎಂಬ ಸಾರ್ವಜನಿಕ ಸುರಕ್ಷತಾ ಸಂವಹನ ಅಧಿಕಾರಿಗಳ ಸಂಘ 1989ರಲ್ಲಿ ಇದರ ಕೆಲಸಕ್ಕೆ ಕೈಹಾಕಿತು. ಇದರಲ್ಲಿ ಮಾತು ಸಂಖ್ಯೆಗಳ ಸಾಲಾಗಿ ಗಾಳಿಗೆ ಹೋಗುತ್ತದೆ, ಮತ್ತು ಆ ಸಾಲನ್ನು ಮತ್ತೆ ಮಾತಾಗಿ ಬಿಡಿಸುವ ಕ್ರಮ ಎಲ್ಲರಿಗೂ ತಿಳಿದಿರುವಂಥದು. ಆದ್ದರಿಂದಲೇ ಡಿಜಿಟಲ್ ಸ್ಕ್ಯಾನರ್ ಮಾತ್ರವಲ್ಲ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಎಸ್‌ಡಿಆರ್ ಡಾಂಗಲ್ (ತಂತ್ರಾಂಶದ ನೆರವಿನಿಂದ ರೇಡಿಯೊ ಕೇಳಿಸುವ ಪುಟ್ಟ ಸಾಧನ) ಕೂಡ ತೆರೆದ ಪಿ25 ಚಾನೆಲ್ಲನ್ನು ಕೇಳಿಸಬಲ್ಲದು. ಎನ್‌ಕ್ರಿಪ್ಷನ್ ಇದ್ದಾಗ ಅದೇ ಸಂಖ್ಯೆಗಳು ಗಾಳಿಗೆ ಹೋಗುವ ಮುನ್ನ, ಸಾಮಾನ್ಯವಾಗಿ ಎಇಎಸ್-256 ಎಂಬ ವಿಧಾನದಲ್ಲಿ, 256 ಬಿಟ್‌ಗಳ ಒಂದು ಕೀಲಿಯೊಡನೆ ಕಲಸಿಹೋಗುತ್ತವೆ. ಅಂಥ ಕೀಲಿಗಳು ಒಟ್ಟು ಎಷ್ಟು ಸಾಧ್ಯವೆಂದು ಬರೆಯಹೊರಟರೆ ಅದು 78 ಅಂಕಿಗಳ ಸಂಖ್ಯೆಯಾಗುತ್ತದೆ. ಒಂದೊಂದನ್ನೇ ಹಾಕಿ ನೋಡುವ ಯೋಚನೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಕೀಲಿ ಇರುವುದು ಪೊಲೀಸರ ರೇಡಿಯೊ ಸೆಟ್ಟಿನೊಳಗೆ. ಅದನ್ನು ಕೀಲಿ ತುಂಬುವ ಪ್ರತ್ಯೇಕ ಸಾಧನದಿಂದಲೋ ಗಾಳಿಯ ಮೂಲಕವೇ ಕಳುಹಿಸಿಯೋ ಆಗಾಗ ಬದಲಾಯಿಸಬಹುದು.

ಹಾಗಿದ್ದರೆ ನಿಮ್ಮ ಸ್ಕ್ಯಾನರಿಗೆ ಅದು ಎನ್‌ಕ್ರಿಪ್ಟ್ ಆದ ಮಾತೆಂದು ಗೊತ್ತಾಗುವುದಾದರೂ ಹೇಗೆ? ಪಿ25 ವ್ಯವಸ್ಥೆಯಲ್ಲಿ ಮಾತು ಮುಚ್ಚಿದ್ದರೂ ಅದನ್ನು ಯಾವ ವಿಧಾನದಿಂದ ಮುಚ್ಚಲಾಗಿದೆ, ಯಾವ ಸಂಖ್ಯೆಯ ಕೀಲಿ ಬಳಕೆಯಾಗಿದೆ ಎಂಬ ಗುರುತುಗಳು ತೆರೆದೇ ಹೋಗುತ್ತವೆ. ಅಷ್ಟೇ ಅಲ್ಲ, ಯಾವ ಗುಂಪಿನ ಚಾನೆಲ್ಲಿನಲ್ಲಿ ಯಾವ ಸಂಖ್ಯೆಯ ಸೆಟ್ಟು ಎಷ್ಟು ಹೊತ್ತು ಮಾತಾಡಿತು ಎಂಬುದೂ ಅನೇಕ ಕಡೆ ಬಯಲಲ್ಲಿಯೇ ಇರುತ್ತದೆ. ಲಕೋಟೆಗೆ ಅರಗು ಹಾಕಿ ಮುಚ್ಚಿದ್ದಾರೆ, ಮೇಲಿನ ವಿಳಾಸವನ್ನು ಮುಚ್ಚಿಲ್ಲ. ನಡುರಾತ್ರಿ ಒಂದೇ ಚಾನೆಲ್ಲಿನಲ್ಲಿ ಇಪ್ಪತ್ತು ಸೆಟ್ಟುಗಳು ಒಮ್ಮೆಲೇ ಚುರುಕಾದರೆ ಏನೋ ದೊಡ್ಡದು ನಡೆದಿದೆ ಎಂದು ಊಹಿಸಬಹುದು. ಏನೆಂದು ಮಾತ್ರ ತಿಳಿಯದು.

ಇನ್ನು ಕಾನೂನು. ಅಮೆರಿಕದ ಸಂಯುಕ್ತ (ಫೆಡರಲ್) ಕಾನೂನಿನಲ್ಲಿ, 1986ರ ಎಲೆಕ್ಟ್ರಾನಿಕ್ ಸಂವಹನ ಖಾಸಗಿತನ ಕಾಯ್ದೆಯ ಪ್ರಕಾರ, ಪೊಲೀಸ್ ಮತ್ತು ಅಗ್ನಿಶಾಮಕ ದಳಗಳೂ ಸೇರಿದಂತೆ ಸಾರ್ವಜನಿಕರಿಗೆ ಸುಲಭವಾಗಿ ಎಟಕುವ ರೇಡಿಯೊ ಸಂವಹನವನ್ನು ಕೇಳುವುದು ಅಪರಾಧವಲ್ಲ. ಆದರೆ ಅದೇ ಕಾಯ್ದೆ ‘ಸುಲಭವಾಗಿ ಎಟಕುವುದು’ ಎಂಬುದಕ್ಕೆ ಅರ್ಥ ಹೇಳುವಾಗ ಎನ್‌ಕ್ರಿಪ್ಟ್ ಆದದ್ದನ್ನು ಆ ವರ್ಗದಿಂದ ಹೊರಗಿಟ್ಟಿದೆ. ಆದ್ದರಿಂದ ಯಾರಾದರೂ ಕೀಲಿಯನ್ನು ಕದ್ದು ನಿಮಗೆ ಕೊಟ್ಟರೂ ಅದನ್ನು ಬಳಸುವಂತಿಲ್ಲ. ತೆರೆದ ಚಾನೆಲ್ಲುಗಳಿಗೂ ಒಂದು ಮಿತಿಯುಂಟು: ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 636.5ನೆಯ ಕಲಮು, ಅಪರಾಧಕ್ಕೆ ನೆರವಾಗಲೆಂದೋ ಬಂಧನ ತಪ್ಪಿಸಿಕೊಳ್ಳಲೆಂದೋ ಸ್ಕ್ಯಾನರ್ ಬಳಸುವುದನ್ನು ಶಿಕ್ಷಾರ್ಹವೆನ್ನುತ್ತದೆ. ಬೇರೆ ಕೆಲವು ರಾಜ್ಯಗಳು ವಾಹನದಲ್ಲಿ ಸ್ಕ್ಯಾನರ್ ಇಡುವುದಕ್ಕೂ ಕಟ್ಟು ಹಾಕಿವೆ, ಆದ್ದರಿಂದ ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಆಯಾ ರಾಜ್ಯದ ನಿಯಮ ನೋಡಿಕೊಳ್ಳಿ.

ನಿಮ್ಮ ಎರಡನೆಯ ಪ್ರಶ್ನೆಗೆ, ಮುಚ್ಚುವ ಅಧಿಕಾರ ಅವರಿಗಿದೆಯೇ ಎಂಬುದಕ್ಕೆ, ನಿಮಗೆ ಹಿಡಿಸದ ಉತ್ತರ ಕೊಡಬೇಕಾಗಿದೆ: ಇದೆ. ಕೇಳುವುದು ಅಪರಾಧವಲ್ಲ ಎಂದು ಕಾನೂನು ಹೇಳಿದೆಯೇ ಹೊರತು ಕೇಳುವಂತೆ ಮಾತಾಡಲೇಬೇಕು ಎಂದು ಪೊಲೀಸರಿಗೆ ಹೇಳಿಲ್ಲ. ಇತಿಹಾಸವನ್ನು ನೋಡಿದರೆ ಈ ಮುಕ್ತತೆಯನ್ನು ಯಾರೂ ಕೂತು ಯೋಚಿಸಿ ಕೊಟ್ಟದ್ದಲ್ಲ. 1928ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೊ ಸಂದೇಶ ಕಳುಹಿಸುವ ಪದ್ಧತಿ ಆರಂಭಿಸಿದಾಗ ಅದು ಒಂದೇ ದಿಕ್ಕಿನದು. ಕಾರಿನವರು ಕೇಳಬಹುದಿತ್ತು, ಮರುಮಾತಾಡುವಂತಿರಲಿಲ್ಲ. ಗಾಳಿಗೆ ಬಿಟ್ಟ ಮಾತಿಗೆ ಬಾಗಿಲಿರಲಿಲ್ಲವಾದ್ದರಿಂದ ಮನೆಯಲ್ಲಿ ಕುಳಿತವರಿಗೂ ಅದು ಕೇಳಿಸಿತು. ಈ ತಾಂತ್ರಿಕ ಆಕಸ್ಮಿಕದ ಮೇಲೆ ಪತ್ರಿಕೋದ್ಯಮ ತನ್ನದೊಂದು ಮನೆ ಕಟ್ಟಿಕೊಂಡಿತು. ವೀಜಿ ಎಂದು ಹೆಸರಾದ ನ್ಯೂಯಾರ್ಕಿನ ಛಾಯಾಗ್ರಾಹಕ ಆರ್ಥರ್ ಫೆಲಿಗ್ 1938ರಲ್ಲಿ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೊ ಇಟ್ಟುಕೊಳ್ಳಲು ಅನುಮತಿ ಪಡೆದು, ಪೊಲೀಸರಷ್ಟೇ ಬೇಗ ಸ್ಥಳಕ್ಕೆ ಹೋಗಿ ನಿಲ್ಲುತ್ತಿದ್ದ. ಅವನ ಹಿಂದೆ ಬಂದ ವರದಿಗಾರರ ತಲೆಮಾರುಗಳು ಸುದ್ದಿಮನೆಯ ಮೂಲೆಯಲ್ಲಿ ಗೊರಗುಟ್ಟುವ ಸ್ಕ್ಯಾನರನ್ನು ಬಿಟ್ಟು ಕೆಲಸ ಮಾಡಿದ್ದೇ ಇಲ್ಲ. ಹೀಗೆ ತೊಂಬತ್ತು ವರ್ಷ ನಡೆದುಬಂದ ರೂಢಿಯನ್ನು ಜನ ಹಕ್ಕೆಂದು ಭಾವಿಸಿದರೆ ಅವರನ್ನು ತಪ್ಪೆನ್ನಲಾರೆ. ಆದರೆ ನ್ಯಾಯಾಲಯದಲ್ಲಿ ವಾದಿಸಲು ರೂಢಿಯೊಂದೇ ಸಾಲದು.

ನಿಮ್ಮ ರಾಜ್ಯದಲ್ಲಿ ಇದು ಹಠಾತ್ತನೆ ಹಬ್ಬಿದ್ದಕ್ಕೆ ನಿರ್ದಿಷ್ಟ ಕಾರಣವೊಂದಿದೆ. 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ರಾಜ್ಯದ ಪೊಲೀಸ್ ಇಲಾಖೆಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಕ್ಲೆಟ್ಸ್ ಎಂಬ ಹೆಸರಿನ, ಚಾಲನಾ ಪರವಾನಗಿಯಿಂದ ಹಿಡಿದು ಅಪರಾಧ ದಾಖಲೆಗಳವರೆಗೆ ಎಲ್ಲವನ್ನೂ ತೆಗೆದುಕೊಡುವ ರಾಜ್ಯದ ಮಾಹಿತಿ ಜಾಲವೊಂದಿದೆ. ಅದರಿಂದ ಪಡೆದ ವೈಯಕ್ತಿಕ ವಿವರಗಳನ್ನು, ಅಂದರೆ ವ್ಯಕ್ತಿಯ ಹೆಸರಿನ ಜೊತೆಗೆ ಪರವಾನಗಿ ಸಂಖ್ಯೆಯೋ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೋ ಸೇರಿಬರುವಂಥವನ್ನು, ತೆರೆದ ರೇಡಿಯೊದಲ್ಲಿ ಓದಿಹೇಳಬಾರದು ಎಂಬುದು ಸುತ್ತೋಲೆಯ ಸಾರ. ಅಗ್ನಿಶಾಮಕ ದಳಕ್ಕೆ ಅಂಥ ದಾಖಲೆಗಳ ಗೊಡವೆಯಿಲ್ಲ. ಅವರ ಚಾನೆಲ್ಲು ನಿಮಗೆ ಇಂದಿಗೂ ಕೇಳಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಸುತ್ತೋಲೆಯನ್ನು ಪೂರ್ತಿ ಓದಿದವರು ಕಡಿಮೆ ಎಂದು ನನ್ನ ಅನುಮಾನ. ಅದು ಎರಡು ದಾರಿಗಳನ್ನು ತೋರಿಸಿತ್ತು: ಒಂದೋ ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಅಂಥ ವಿವರಗಳು ತೆರೆದ ಚಾನೆಲ್ಲಿಗೆ ಬಾರದಂತೆ ಒಂದು ಕಾರ್ಯನೀತಿ ರೂಪಿಸಿಕೊಳ್ಳಿ. ಅನೇಕ ಇಲಾಖೆಗಳು ಮೊದಲ ದಾರಿಯನ್ನೇ ಹಿಡಿದು, ರಾಜ್ಯದ ಆದೇಶವಾದ್ದರಿಂದ ಬೇರೆ ಗತಿಯಿರಲಿಲ್ಲ ಎಂಬಂತೆ ವಿವರಿಸಿದವು. ಬೇರೆ ಗತಿಯಿತ್ತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರಾಜ್ಯದ ಹೆದ್ದಾರಿ ಪೊಲೀಸರಾದ ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್ ಎರಡನೆಯ ದಾರಿಯನ್ನು ಆರಿಸಿ ಚಾನೆಲ್ಲುಗಳನ್ನು ತೆರೆದೇ ಇಟ್ಟಿತು. ಪಾಲೊ ಆಲ್ಟೊ ನಗರದ ಕಥೆ ಇನ್ನೂ ಸ್ವಾರಸ್ಯದ್ದು: 2021ರ ಜನವರಿಯಲ್ಲಿ ಅಲ್ಲಿನ ಪೊಲೀಸರು ಎಲ್ಲವನ್ನೂ ಮುಚ್ಚಿದರು, ಸ್ಥಳೀಯ ಪತ್ರಕರ್ತರೂ ನಾಗರಿಕರೂ ಆಕ್ಷೇಪಿಸುತ್ತಲೇ ಇದ್ದರು, ಮತ್ತು ಹೊಸ ಮುಖ್ಯಸ್ಥ ಆಂಡ್ರ್ಯೂ ಬೈಂಡರ್ ಬಂದ ಮೇಲೆ 2022ರಲ್ಲಿ ಮುಖ್ಯ ಚಾನೆಲ್ಲನ್ನು ಮತ್ತೆ ತೆರೆದರು. ಕೊಳ್ಳಬೇಕಾದ ಹೊಸ ಯಂತ್ರ ಯಾವುದೂ ಇರಲಿಲ್ಲ. ಮುಚ್ಚಿಡಬೇಕಾದ ವಿವರಗಳಿಗೆ ಫೋನು ಮೊದಲಾದ ಬೇರೆ ಮಾರ್ಗ ಬಳಸುವ ಅಭ್ಯಾಸವನ್ನು ಸಿಬ್ಬಂದಿಗೆ ಮಾಡಿಸಿದರು, ಅಷ್ಟೇ. ನನ್ನ ಅಭಿಪ್ರಾಯ ನಿಂತಿರುವುದು ಈ ಉದಾಹರಣೆಯ ಮೇಲೆ. ಹೆಸರು, ವಿಳಾಸ, ಪರವಾನಗಿ ಸಂಖ್ಯೆಗಳನ್ನು ಕಾಪಾಡುವುದು ನ್ಯಾಯವಾದ ಕೆಲಸ, ಆದರೆ ಅದಕ್ಕಾಗಿ ‘ಇಂಥ ಬೀದಿಯಲ್ಲಿ ಅಪಘಾತ, ಎರಡು ಗಾಡಿ ಕಳುಹಿಸಿ’ ಎಂಬ ಮಾತನ್ನೂ ಮುಚ್ಚಬೇಕಾಗಿಲ್ಲ. ಪೂರ್ತಿ ಮುಚ್ಚುವುದು ಆಡಳಿತಕ್ಕೆ ಸಲೀಸು; ಅದನ್ನು ತಾಂತ್ರಿಕ ಅನಿವಾರ್ಯತೆ ಎಂದು ಕರೆಯುವುದು ಸರಿಯಲ್ಲ. ಇಲಾಖೆಗಳು ಪರ್ಯಾಯ ದಾರಿ ಹಿಡಿಯುವುದನ್ನು ಕಡ್ಡಾಯ ಮಾಡಲು ಸೆನೆಟರ್ ಜಾಶ್ ಬೆಕರ್ 2022ರಲ್ಲಿ ತಂದ ಮಸೂದೆ ರಾಜ್ಯದ ಸೆನೆಟ್ಟನ್ನು ದಾಟಿತಾದರೂ ಕಾಯ್ದೆಯಾಗಲಿಲ್ಲ.

ಪೊಲೀಸರ ಪಕ್ಷದಲ್ಲಿ ಹುರುಳಿಲ್ಲವೆಂದು ಇದರಿಂದ ತಿಳಿಯಬೇಡಿ. ಸ್ಕ್ಯಾನರ್ ಒಂದು ಕಾಲಕ್ಕೆ ಹವ್ಯಾಸಿಗಳ ಮೇಜಿನ ಮೇಲಿನ ಪೆಟ್ಟಿಗೆಯಾಗಿತ್ತು. ಇಂದು ಅದೇ ಪ್ರಸಾರ ಬ್ರಾಡ್‌ಕಾಸ್ಟಿಫೈಯಂಥ ಸೇವೆಗಳ ಮೂಲಕ ಯಾರ ಜೇಬಿನ ಫೋನಿಗಾದರೂ ಬರುತ್ತದೆ, ಓಡುತ್ತಿರುವ ಕಳ್ಳನ ಫೋನಿಗೂ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಆರೋಪಿಗಳನ್ನು ಹುಡುಕುತ್ತಿದ್ದಾಗ ಅಸಂಖ್ಯ ಜನ ಪೊಲೀಸ್ ರೇಡಿಯೊವನ್ನು ಅಂತರ್ಜಾಲದಲ್ಲಿ ಕೇಳುತ್ತ ಕೇಳಿದ್ದನ್ನು ಕೇಳಿದಂತೆಯೇ ಬರೆಯತೊಡಗಿದರು. ಶೋಧ ನಡೆಯುತ್ತಿರುವ ಮನೆಗಳ ಸ್ಥಾನವನ್ನು ಬಿತ್ತರಿಸಿ ಸಿಬ್ಬಂದಿಯ ಜೀವಕ್ಕೆ ಸಂಚಕಾರ ತರಬೇಡಿ ಎಂದು ಬಾಸ್ಟನ್ ಪೊಲೀಸರು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಅದೇ ಹೊತ್ತಿಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಯುವಕನ ಹೆಸರು ಆರೋಪಿಯದೆಂದು ಜಾಲದಲ್ಲಿ ಹರಡಿತು. ಸ್ಕ್ಯಾನರಿನಲ್ಲಿ ಕೇಳಿಸಿತು ಎಂಬ ಒಂದು ಮಾತೇ ಆ ಸುಳ್ಳಿಗೆ ಬಲ ಕೊಟ್ಟಿತು. ನಮ್ಮವರಿಗೆ ಇದಕ್ಕಿಂತ ಹತ್ತಿರದ ನೆನಪು 2008ರ ನವೆಂಬರ್‌ನ ಮುಂಬಯಿ ದಾಳಿ. ಅಲ್ಲಿ ಬಯಲಾದದ್ದು ಪೊಲೀಸ್ ವೈರ್‌ಲೆಸ್ಸಲ್ಲ, ಟಿ.ವಿ.ಯ ನೇರ ಪ್ರಸಾರ. ಆ ಪ್ರಸಾರ ಭದ್ರತಾ ಪಡೆಗಳ ಕೆಲಸವನ್ನು ಅಪಾಯಕ್ಕೊಡ್ಡಿತೆಂದು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಹೇಳಿತು, ಮತ್ತು ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನೇರವಾಗಿ ತೋರಿಸುವುದನ್ನು ಕೇಂದ್ರ ಸರ್ಕಾರ 2015ರಲ್ಲಿ ಕೇಬಲ್ ಟಿ.ವಿ. ನಿಯಮಗಳ ಮೂಲಕ ನಿಷೇಧಿಸಿತು. ಕಾರ್ಯಾಚರಣೆಯ ಚಾನೆಲ್ಲುಗಳನ್ನು ಮುಚ್ಚುವುದಕ್ಕೆ ಯಾವ ವಿವೇಕಿಯೂ ಅಡ್ಡ ಬರಲಾರ. ಅವು ನಿಮ್ಮ ಊರಿನಲ್ಲಿ ಮೊದಲೂ ನಿಮಗೆ ಕೇಳಿಸುತ್ತಿರಲಿಲ್ಲವೆಂದು ತೋರುತ್ತದೆ. ಜಗಳ ಇರುವುದು ದಿನನಿತ್ಯದ ಡಿಸ್ಪ್ಯಾಚ್, ಅಂದರೆ ಕರೆ ಬಂದಲ್ಲಿಗೆ ಸಿಬ್ಬಂದಿಯನ್ನು ಕಳುಹಿಸುವ, ಚಾನೆಲ್ಲಿನ ಬಗ್ಗೆ.

ಹವ್ಯಾಸಿಗಳಿಗೂ ಒಂದು ಮಾತು ಹೇಳಬೇಕು. ಡಿಸ್ಪ್ಯಾಚರ್ ಹೇಳುವುದು ಯಾರೋ ಫೋನಿನಲ್ಲಿ ಗಾಬರಿಯಿಂದ ಹೇಳಿದ್ದನ್ನು. ‘ಕೈಯಲ್ಲಿ ಬಂದೂಕು ಇದೆಯಂತೆ’ ಎಂದು ಹೊರಟ ಕರೆ ಸ್ಥಳಕ್ಕೆ ಹೋಗಿ ನೋಡಿದರೆ ಕೊಡೆಯಾಗಿರುತ್ತದೆ. ಗಂಡನ ಹೊಡೆತ ತಾಳಲಾರದೆ ಕರೆ ಮಾಡಿದ ಹೆಂಗಸಿನ ಮನೆ ನಂಬರು, ಆತ್ಮಹತ್ಯೆಗೆ ಯತ್ನಿಸಿದ ಹುಡುಗನ ವಿಳಾಸ ನಮ್ಮ ಕಿವಿಗೆ ಬಿದ್ದಾಗ ಅದು ನಮ್ಮದಾಗುವುದಿಲ್ಲ. ಇಂಥವನ್ನು ಧ್ವನಿಮುದ್ರಿಸಿ ಜಾಲಕ್ಕೆ ಏರಿಸಿದವರೇ ಮುಚ್ಚುವ ಪಕ್ಷದವರಿಗೆ ಅತಿ ದೊಡ್ಡ ಸಾಕ್ಷ್ಯ ಒದಗಿಸಿದವರು.

ಎರಡು ಅತಿಗಳ ನಡುವಣ ಪ್ರಯೋಗಗಳೂ ನಡೆದಿವೆ. ಶಿಕಾಗೊ ನಗರ 2022ರ ಕೊನೆಗೆ ತನ್ನ ಚಾನೆಲ್ಲುಗಳನ್ನು ಎನ್‌ಕ್ರಿಪ್ಟ್ ಮಾಡಿ, ಅದೇ ಮಾತನ್ನು 30 ನಿಮಿಷ ತಡವಾಗಿ ಅಂತರ್ಜಾಲದಲ್ಲಿ ಕೇಳಿಸುವ ಏರ್ಪಾಡು ಮಾಡಿತು. ಬಾಲ್ಟಿಮೋರ್ 2023ರಲ್ಲಿ 15 ನಿಮಿಷದ ತಡ ಇಟ್ಟಿತು. ಹವ್ಯಾಸಿಗೆ ಇದು ಸಾಕು, ನಾಳೆಯ ಪತ್ರಿಕೆಗೆ ಬರೆಯುವವರಿಗೂ ಬಹುತೇಕ ಸಾಕು. ಆದರೆ ಸ್ಥಳಕ್ಕೆ ಓಡಬೇಕಾದ ಛಾಯಾಗ್ರಾಹಕನಿಗೆ ಅರ್ಧ ಗಂಟೆಯ ಬಳಿಕ ಸಿಗುವುದು ತೊಳೆದ ರಸ್ತೆ. ಕೊಲರಾಡೊ ರಾಜ್ಯ 2021ರ ಕಾಯ್ದೆಯಲ್ಲಿ ಬೇರೆ ದಾರಿ ಹಿಡಿಯಿತು: ಎಲ್ಲ ಸಂವಹನವನ್ನೂ ಮುಚ್ಚುವ ಇಲಾಖೆ, ರಾಜ್ಯದ ಸುದ್ದಿಮಾಧ್ಯಮಗಳಿಗೆ ಪ್ರವೇಶ ಕೊಡುವ ನೀತಿಯನ್ನು ರೂಪಿಸಲೇಬೇಕು. ಇದರಲ್ಲಿ ಯಾರು ಮಾಧ್ಯಮ, ಯಾರಲ್ಲ ಎಂದು ನಿರ್ಧರಿಸುವ ಕೆಲಸ ಪೊಲೀಸರ ಕೈಗೆ ಹೋಗುವ ಅಪಾಯವಿದೆ. ಯಾರ ಮೇಲೆ ವರದಿ ಬರೆಯಬೇಕೋ ಅವರ ಬಳಿಯೇ ಕೀಲಿಗೆ ಕೈ ಚಾಚುವ ಸ್ಥಿತಿ ನನಗೆ ಅಷ್ಟು ಹಿತವೆನಿಸುವುದಿಲ್ಲ. ನ್ಯೂಯಾರ್ಕ್ ಪೊಲೀಸರು 2023ರ ಬೇಸಿಗೆಯಲ್ಲಿ ಬ್ರೂಕ್ಲಿನ್‌ನ ಕೆಲವು ಠಾಣೆಗಳಿಂದ ಮುಚ್ಚಲು ಆರಂಭಿಸಿದ್ದು ಸುಮಾರು 39 ಕೋಟಿ ಡಾಲರಿನ ರೇಡಿಯೊ ಯೋಜನೆಯ ಭಾಗವಾಗಿ, ಮತ್ತು ಅಲ್ಲಿ ಮೊದಲು ದನಿಯೆತ್ತಿದವರಲ್ಲಿ ವೀಜಿಯ ವೃತ್ತಿಯವರೇ, ಪತ್ರಿಕಾ ಛಾಯಾಗ್ರಾಹಕರೇ, ಇದ್ದರು.

ಇನ್ನೊಂದು ವಿಷಯವನ್ನು ನಗರಸಭೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಎನ್‌ಕ್ರಿಪ್ಷನ್ ಎಂದೊಡನೆ ಅಭೇದ್ಯ ಕೋಟೆ ಎಂದುಕೊಳ್ಳುತ್ತಾರೆ. ಕೋಟೆಯ ಕಲ್ಲು ಗಟ್ಟಿಯಾದರೂ ಬಾಗಿಲು ಹಾಕುವವರು ಮನುಷ್ಯರು. ಮ್ಯಾಟ್ ಬ್ಲೇಜ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಹಲವು ನಗರಗಳಲ್ಲಿ ಸಂಯುಕ್ತ ತನಿಖಾ ಸಂಸ್ಥೆಗಳ ಪಿ25 ಚಾನೆಲ್ಲುಗಳನ್ನು ಗಮನಿಸಿದಾಗ, ಮುಚ್ಚಿದ್ದೇವೆಂದು ನಂಬಿಕೊಂಡೇ ಸಿಬ್ಬಂದಿ ಆಡಿದ ಸೂಕ್ಷ್ಮ ಮಾತು ದಿನಕ್ಕೆ ಸರಾಸರಿ 20 ನಿಮಿಷಕ್ಕೂ ಮಿಕ್ಕಿ ಪ್ರತಿ ನಗರದಲ್ಲಿ ತೆರೆದೇ ಹೋಗುತ್ತಿತ್ತು. ಸೆಟ್ಟಿನ ಮೇಲಿನ ಗುಂಡಿ ಯಾವ ಕಡೆ ತಿರುಗಿದೆ ಎಂಬುದು ಕಣ್ಣಿಗೆ ಸರಿಯಾಗಿ ಕಾಣದಿರುವುದು, ಒಬ್ಬನ ಕೀಲಿ ಹಳತಾಗಿದ್ದಾಗ ಉಳಿದವರೆಲ್ಲ ಅವನಿಗಾಗಿ ತೆರೆದು ಮಾತಾಡುವುದು, ಇಂಥ ಸಣ್ಣ ಕಾರಣಗಳು. ಯುರೋಪಿನ ಪೊಲೀಸರು ಹೆಚ್ಚಾಗಿ ಬಳಸುವ ಟೆಟ್ರಾ ವ್ಯವಸ್ಥೆಯಲ್ಲಿ ತೊಂದರೆ ಇನ್ನೂ ಆಳದಲ್ಲಿತ್ತು. ಅದರ ಗೂಢಲಿಪಿ ವಿಧಾನಗಳನ್ನು ದಶಕಗಳ ಕಾಲ ಗುಟ್ಟಾಗಿಡಲಾಗಿತ್ತು. 2023ರಲ್ಲಿ ಮಿಡ್‌ನೈಟ್ ಬ್ಲೂ ಎಂಬ ಡಚ್ ಸಂಸ್ಥೆಯ ಸಂಶೋಧಕರು ಅವನ್ನು ಬಿಡಿಸಿ ನೋಡಿದಾಗ, ಟಿಇಎ1 ಎಂಬ ವಿಧಾನದಲ್ಲಿ 80 ಬಿಟ್‌ಗಳದೆಂದು ಹೇಳಿದ್ದ ಕೀಲಿ ಒಳಗೊಳಗೇ 32 ಬಿಟ್‌ಗಳಿಗೆ ಇಳಿಯುವುದು ಕಂಡುಬಂತು. 32 ಬಿಟ್ ಎಂದರೆ ಸುಮಾರು 430 ಕೋಟಿ ಸಾಧ್ಯತೆಗಳು, ಸಾಧಾರಣ ಕಂಪ್ಯೂಟರಿಗೆ ನಿಮಿಷಗಳ ಕೆಲಸ. ಅದೇ ವರ್ಷ ಆ ಮಾನದಂಡದ ಒಡೆಯ ಸಂಸ್ಥೆಯಾದ ಎಟ್ಸಿ, ವಿಧಾನಗಳನ್ನು ಬಹಿರಂಗಪಡಿಸಲು ಒಪ್ಪಿತು.

ಈಗ ನೀವು ಮಾಡಬಹುದಾದದ್ದು. ದನಿ ನಿಂತರೂ ದಾಖಲೆ ನಿಂತಿಲ್ಲ. ಡಿಸ್ಪ್ಯಾಚ್ ಕೇಂದ್ರದಲ್ಲಿ ಪ್ರತಿ ಕರೆಯೂ ಕಂಪ್ಯೂಟರಿನಲ್ಲಿ ನಮೂದಾಗುತ್ತದೆ, ಮತ್ತು ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಕರೆ ಬಂದ ಸಮಯ, ಸ್ಥಳ, ಸ್ವರೂಪಗಳನ್ನು, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ಬಹಿರಂಗಪಡಿಸಬೇಕು. ಪೊಲೀಸರು ಗುಂಡು ಹಾರಿಸಿದ ಅಥವಾ ಬಲಪ್ರಯೋಗದಿಂದ ಸಾವು ಇಲ್ಲವೇ ತೀವ್ರ ಗಾಯವಾದ ಪ್ರಕರಣಗಳಲ್ಲಿ, 2019ರ ಜುಲೈನಿಂದ ಜಾರಿಯಲ್ಲಿರುವ ಎಬಿ 748 ಎಂಬ ಶಾಸನ, ವಿಡಿಯೊ ಮಾತ್ರವಲ್ಲದೆ ಧ್ವನಿಮುದ್ರಿಕೆಯನ್ನೂ ಸಾಮಾನ್ಯವಾಗಿ 45 ದಿನಗಳೊಳಗೆ ಕೊಡಬೇಕೆನ್ನುತ್ತದೆ. ತನಿಖೆಗೆ ಧಕ್ಕೆಯಾಗುವುದೆಂದು ತೋರಿಸಿದರೆ ಮಾತ್ರ ತಡಮಾಡಬಹುದು. ನಗರಸಭೆಯ ಸಭೆಗೆ ಹೋಗುವುದಾದರೆ ‘ಎನ್‌ಕ್ರಿಪ್ಷನ್ ಬೇಡ’ ಎನ್ನಬೇಡಿ, ಅದು ಸೋಲುವ ವಾದ. 2020ರ ಸುತ್ತೋಲೆಯ ಎರಡನೆಯ ದಾರಿಯನ್ನು ಪರಿಶೀಲಿಸಿದಿರಾ, ಪರಿಶೀಲಿಸಿದ್ದರೆ ಬೇಡವೆಂದದ್ದೇಕೆ ಎಂದು ಲಿಖಿತವಾಗಿ ಕೇಳಿ, ಪಾಲೊ ಆಲ್ಟೊದ ಹೆಸರು ಹೇಳಿ.

ಕೊನೆಯದಾಗಿ ಮೈಸೂರು. ಸ್ಕ್ಯಾನರನ್ನು ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ. ನಮ್ಮ ಕಾನೂನು ಇನ್ನೊಂದು ತುದಿಯಿಂದ ಆರಂಭವಾಗುತ್ತದೆ. ಅಮೆರಿಕದಲ್ಲಿ ಗಾಳಿಯಲ್ಲಿ ತೆರೆದಿರುವುದನ್ನು ಕೇಳಬಹುದು ಎಂಬುದು ಮೂಲಭಾವ. ನಮ್ಮಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದಲೂ ಸಂದೇಶ ಸಾಗಿಸುವ ಅಧಿಕಾರವೇ ಸರ್ಕಾರದ್ದು, 1933ರ ವೈರ್‌ಲೆಸ್ ಕಾಯ್ದೆಯಲ್ಲಂತೂ ಉಪಕರಣ ಇಟ್ಟುಕೊಳ್ಳುವುದಕ್ಕೇ ಪರವಾನಗಿ. ಬ್ರಿಟನ್ ಕೂಡ ಇಂದಿಗೂ, 2006ರ ಕಾಯ್ದೆಯ ಮೂಲಕ, ತಮಗಾಗಿ ಅಲ್ಲದ ರೇಡಿಯೊ ಸಂದೇಶವನ್ನು ಕೇಳುವುದನ್ನು ಅಪರಾಧವೆನ್ನುತ್ತದೆ. ನಮಗೆ ಈ ಮನೋಧರ್ಮ ಬಂದ ಮೂಲ ಅದೇ. ಭಾರತದ 2023ರ ದೂರಸಂಪರ್ಕ ಕಾಯ್ದೆಯ 42ನೆಯ ಕಲಮು 2024ರ ಜೂನ್ 26ರಿಂದ ಜಾರಿಯಲ್ಲಿದ್ದು, ಸಂದೇಶವನ್ನು ಕಾನೂನುಬಾಹಿರವಾಗಿ ತಡೆಹಿಡಿದು ಕೇಳಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಪರವಾನಗಿಯ ಮಾಹಿತಿಯಿಲ್ಲದೆ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳ ಮೇಲೆ 2025ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಕ್ರಮಕ್ಕಿಳಿದಿತ್ತು. ನೀವು ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು, ಆಗಿದ್ದು ಉಪಕರಣ ತರಲೇಬೇಕೆಂದಿದ್ದರೆ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಪತ್ರ ಕೈಗೆ ಬರುವ ಮುನ್ನ ಅದನ್ನು ಪೆಟ್ಟಿಗೆಗೆ ತುಂಬಬೇಡಿ. ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಕ್ಯಾಲಿಫೋರ್ನಿಯಾದ ಕಾನೂನನ್ನು ವಿವರಿಸಿ ಪ್ರಯೋಜನವಾಗದು.

ಇಲ್ಲಿ ಪೊಲೀಸ್ ವೈರ್‌ಲೆಸ್ ಕೇಳಿಸುವುದು ಚಹದಂಗಡಿಯ ಮುಂದೆ ನಿಂತ ಪೇದೆಯ ಹೆಗಲ ಮೇಲಿನ ಸೆಟ್ಟಿನಿಂದ ‘ಕಂಟ್ರೋಲ್, ಕಂಟ್ರೋಲ್’ ಎಂದು ಹೊಮ್ಮುವಷ್ಟು ಮಾತ್ರ. ಅದಕ್ಕೆ ಮೀರಿದ್ದು ಬೇಕಾದವರಿಗೆ ಇರುವುದು ಕಿವಿಯ ದಾರಿಯಲ್ಲ, ಅರ್ಜಿಯ ದಾರಿ. ಮಾಹಿತಿ ಹಕ್ಕು ಕಾಯ್ದೆಯಡಿ ಕಂಟ್ರೋಲ್ ರೂಮಿನ ದಾಖಲೆ ಕೇಳಬಹುದು, ಆದರೆ ಯಾರದಾದರೂ ಜೀವಕ್ಕೆ ಅಪಾಯ ಅಥವಾ ತನಿಖೆಗೆ ಅಡ್ಡಿ ಎಂಬ 8ನೆಯ ಕಲಮಿನ ವಿನಾಯಿತಿಗಳನ್ನು ಮುಂದಿಟ್ಟು ನಿರಾಕರಿಸಲು ಅವಕಾಶವಿದೆ. ಠಾಣೆಗಳ ಸಿಸಿಟಿವಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ, ಧ್ವನಿಯೂ ಸೇರಿದ ಮುದ್ರಿಕೆಯನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಆದೇಶಿಸಿದೆ. ಮೈಸೂರಿನಲ್ಲಿ ಯಾವುದಾದರೂ ಘಟನೆಯ ಬಗ್ಗೆ ದಾಖಲೆ ಬೇಕಾದರೆ ಆ ಅವಧಿ ಮೀರುವ ಮುನ್ನ, ಆದಷ್ಟೂ ಬೇಗ, ದಿನಾಂಕ ಮತ್ತು ಸಮಯವನ್ನು ಸ್ಪಷ್ಟವಾಗಿ ನಮೂದಿಸಿ ಅರ್ಜಿ ಹಾಕಿ.